ಹಿತ್ತಲದಾಗಿನ ಟ್ರಾಲಿ ರೈಲು

ನಮ್ಮ ಮನ್ಯಾಗ ನಗೋ ಹೊತ್ತಿನಾಗ ಯಾರೂ ನಗಂಗಿಲ್ಲ, ನಗಬಾರದ ಹೊತ್ತಿನಾಗ ಏನರ ಒಂದು ಆಗೇ ತೀರ್ತೈತಿ. ಮದುವಿ ಆಗಿ ಆಂಧ್ರದ ಈ ಆದೋನಿ ಊರಿಗೆ ಬಂದಾಗಿಂದ ನೋಡಾಕತ್ತೀನಿ, ಇದು ನಿಂತಿದ್ದೇ ಇಲ್ಲ.

ನಮ್ಮ ಮಾವನೋರದು ಹತ್ತಿ ಜಿನ್ನಿಂಗ್ ಮಿಲ್ಲಿತ್ತು. ಮಿಲ್ಲಿನ ಒಳಗ ಸಣ್ಣ ಹಳಿ ಹಾಕಿದ್ರು, ಸ್ಟೇಷನ್ನಿನ ಹಳಿಗಿಂತ ಅರ್ಧಕ್ಕೂ ಕಡಿಮಿ ಅಗಲ. ಅದರ ಮ್ಯಾಲೆ ಕಬ್ಬಿಣದ ಟ್ರಾಲಿಗಳು ಹತ್ತಿಕಾಳು ತುಂಬಿಕೊಂಡು ಎಣ್ಣಿ ಗಾಣದ ಕಡೆ ಹೋಗ್ತಿದ್ವು. ಕೊಂಡಿ ತಗದ್ರ ತೊಟ್ಟಿ ಪಕ್ಕಕ್ಕ ಹೊರಳಿ ಕಾಳೆಲ್ಲಾ ಸುರೀತಿತ್ತು. ನಮ್ಮ ಯಜಮಾನ್ರು, ಅವರ ತಮ್ಮ, ಇಬ್ಬರೂ ಆ ತೊಟ್ಟಿಯೊಳಗ ಕುಂತು ಬೆಳದೋರು. ಮಿಲ್ಲು ನಿಂತ ಮ್ಯಾಲೆ ಮೈದುನ ಆ ಹಳಿ, ಟ್ರಾಲಿ ಎಲ್ಲಾ ಗುಜರಿಯವನಿಗೆ ಹಾಕಿಬಿಟ್ಟ. ಅಣ್ಣನ್ನ ಒಂದು ಮಾತು ಕೇಳಲಿಲ್ಲ. ಇವರು ಹೋಗಿ, "ಇನ್ನ ನಿನ್ನ ಮನಿ ಹೊಸ್ತಿಲ ತುಳಿಯಂಗಿಲ್ಲ" ಅಂತ ಸತ್ತ ಅಪ್ಪನ ಮ್ಯಾಲೆ ಆಣಿ ಮಾಡಿ ಬಂದ್ರು.

ಮನಿ ಎರಡು, ಹಿತ್ತಲ ಒಂದೇ. ಆ ಹಿತ್ತಲದಾಗ ಇವರು ಅರ್ಧ ಗೇಣಿನ ಅಗಲದ ಹಳಿ ಹಾಕಿ, ತಗಡು ಬಡದು ಸಣ್ಣ ಸಣ್ಣ ಟ್ರಾಲಿ ಮಾಡಾಕ ಶುರು ಮಾಡಿದ್ರು. ಒಂದೊಂದರಾಗ ಸೇರು ಜ್ವಾಳ ಹಿಡೀತಿತ್ತು. ಗುಜರಿಯಿಂದ ತಂದ ಹಳೇ ಕಾರಿನ ವೈಪರ್ ಮೋಟಾರು ಅದಕ್ಕ ಇಂಜಿನ್ನು. ನಮ್ಮ ಅಡಿಗಿಮನಿ ಬಾಗಿಲದಿಂದ ಹೊಂಟು ಮೈದುನನ ಕಡೆ ಇರೋ ಬೇವಿನ ಗಿಡದ ತನಕ ಹೋಗೋದು, ಅಲ್ಲಿಂದ ಹಿಂದಕ್ಕ ಬರೋದು. ಅಷ್ಟೇ ಅದರ ಪ್ರಯಾಣ.

ತುಕ್ಕು

ಆಯುಧ ಪೂಜಿ ಬಂತು. ಮನ್ಯಾಗಿನ ಕಬ್ಬಿಣ ಅನ್ನೋದೆಲ್ಲಾ ತೊಳದು ಇಡೋದು ಪದ್ಧತಿ. ಈಳಿಗಿ, ಹಾರಿ, ಹೊಲಿಗಿ ಮಷೀನು ಎಲ್ಲಾ ಆದ ಮ್ಯಾಲೆ ಇವರ ಟ್ರಾಲಿ ನೋಡಿದೆ. ಕೆಂಪಗ ತುಕ್ಕು ಹಿಡದು ಕುಂತಿದ್ವು. ಪಾಪ, ಇವರು ಮಿಲ್ಲಿನ ಚಿಂತಿಯೊಳಗ ಇದನ್ನೆಲ್ಲಾ ಎಲ್ಲಿ ನೋಡ್ತಾರ ಅಂತ, ಹುಣಸಿಹಣ್ಣು ಹಚ್ಚಿ, ತೆಂಗಿನ ನಾರು ತಗೊಂಡು ರಟ್ಟಿ ಸೋಲೋ ತನಕ ತಿಕ್ಕಿದೆ. ಥಳಥಳ ಹೊಳದ್ವು. ವಿಭೂತಿ, ಕುಂಕುಮ ಹಚ್ಚಿ ಸಾಲಾಗಿ ನಿಲ್ಲಿಸಿದೆ.

ಇವರು ಸ್ನಾನ ಮಾಡಿ ಬಂದು ನೋಡಿದೋರು ಅಲ್ಲೇ ನೆಲಕ್ಕ ಕುಂತುಬಿಟ್ರು.

"ಏನು ಮಾಡಿದಿ ಇದನ್ನ?"

"ತುಕ್ಕು ಹಿಡದಿದ್ವು, ತೊಳದೆ."

"ಆ ತುಕ್ಕು ಶ್ರಾವಣದಿಂದ ಕುಂತು ನಾನೇ ಬಳದಿದ್ದೆ."

ಮಿಲ್ಲಿನ ಟ್ರಾಲಿಗಳು ಹ್ಯಾಂಗ ಇದ್ವೋ ಹಂಗೇ ಕಾಣಲಿ ಅಂತ, ಯಾವುದರ ಮೂಲಿ ನೆಗ್ಗಿತ್ತು, ಯಾವುದಕ್ಕ ಎಲ್ಲಿ ತುಕ್ಕಿತ್ತು, ಎಲ್ಲಾ ನೆನಪು ಮಾಡಿಕೊಂಡು ಬಣ್ಣ ಬಳದಿದ್ರಂತ. ಹಬ್ಬದ ಹೋಳಿಗಿ ಮುಟ್ಟಲಿಲ್ಲ. ಮರುದಿನ ಮತ್ತ ಬಣ್ಣ ತಗೊಂಡು ಕುಂತ್ರು. ನನಗ ಕೆಟ್ಟನಿಸ್ತು. ಪಕ್ಕದಾಗ ಹೋಗಿ ಕುಂತು, "ರೀ, ಇಲ್ಲಿ ಇನ್ನೊಂದು ಸ್ವಲ್ಪ ತುಕ್ಕು ಬೇಕಲ್ಲ?" ಅಂದೆ. ತಲಿ ವಾರಿ ಮಾಡಿ ನೋಡಿ, ಹೌದು ಅಂದ್ರು. ಮದುವ್ಯಾದ ಮ್ಯಾಲೆ ನನ್ನ ಮಾತಿಗೆ ಹೌದು ಅಂದಿದ್ದು ಅದೇ ಮೊದಲು.

ಪತ್ತಿಕೊಂಡದ ಬೀಗರು

ನನ್ನ ಮಗನ ಮಾವ ಪತ್ತಿಕೊಂಡದಿಂದ ಬಂದಿದ್ರು. ನಮ್ಮ ಯಜಮಾನ್ರಿಗೆ ರೈಲಿನ ಹುಚ್ಚಂತ ಕೇಳಿ, ಸೀಟಿ ಹೊಡಿಯೋ ನೀಲಿ ಬಣ್ಣದ ಆಟಿಕಿ ರೈಲು ಕಾಣಿಕಿ ತಂದಿದ್ರು. ಇವರ ಟ್ರಾಲಿಗಳನ್ನ ಸುತ್ತ ತಿರುಗಿ ನೋಡಿ, "ಜನ ಕೂಡೋ ಡಬ್ಬಿ ಎಲ್ರಿ ಇದಕ್ಕ?" ಅಂತ ಕೇಳಿದ್ರು.

ಇವರು ಭಾಳ ದಿನದ ಮ್ಯಾಲೆ ಬಾಯಿ ತುಂಬ ಮಾತಾಡಿದ್ರು. "ಇದಕ್ಕ ಜನ ಕೂಡಂಗಿಲ್ರಿ. ನೀವು ತಂದಿದ್ದು ಊರು ಬಿಟ್ಟು ಹೋಗೋ ರೈಲು, ಎಲ್ಲಾರೂ ಕೈ ಬೀಸ್ತಾರ. ಇದು ದುಡಿಯೋ ರೈಲು. ಗೋದಾಮಿನಿಂದ ಗಾಣಕ್ಕ, ಗಾಣದಿಂದ ಗೋದಾಮಿಗೆ. ಇದಕ್ಕ ಯಾರೂ ಕೈ ಬೀಸಂಗಿಲ್ಲ. ಎಲ್ಲಿಗೂ ಹೋಗಂಗಿಲ್ಲ ಇದು, ಹೊತ್ತಾತಂದ್ರ ಮನಿಗೆ ಬರ್ತೈತಿ."

ಬೀಗರು ಯೋಚನಿ ಮಾಡಿ, "ಹಂಗಾರ ನಮ್ಮ ಅಳಿಯನಂಗ ಅನ್ರಿ" ಅಂದ್ರು. "ಎಲ್ಲಿಗೂ ಹೋಗಂಗಿಲ್ಲ, ಊಟದ ಹೊತ್ತಿಗೆ ಮನಿಗೆ ಬರ್ತಾನ. ದುಡಿಯೋದೊಂದು ಬಿಟ್ಟು."

ಅಲ್ಲೇ ಕುಂತು ಮಂಡಕ್ಕಿ ತಿನ್ನಾಕತ್ತಿದ್ದ ನನ್ನ ಮಗ, ತಾಟು ತಗೊಂಡು ಒಳಗ ಹೋದ.

ಗ್ವಾಡಿ

ಒಂದಿನ ಮೈದುನ ಹಿತ್ತಲ ಪಾಲು ಮಾಡಿ ನಡುವ ಗ್ವಾಡಿ ಏರಸ್ತೀನಿ ಅಂತ ಗವಂಡಿಯನ್ನ ಕರಕೊಂಡು ಬಂದ. ದಾರ ಹಿಡದ್ರ, ದಾರ ಸೀದಾ ಹಳಿಯ ಮ್ಯಾಲೆ ಬಂತು. ಇವರ ಮುಖ ನೋಡಾಕ ಆಗಲಿಲ್ಲ ನನಗ. ಮಿಲ್ಲು ಹೋದಾಗಲೂ ಹಂಗಾಗಿರಲಿಲ್ಲ.

ಅಣ್ಣ ತಮ್ಮ ಒಂದು ಮಾರು ದೂರದಾಗ ನಿಂತಾರ, ಮಾತು ಮಾತ್ರ ಗವಂಡಿ ಕಡಿಂದ.

"ರೈಲು ಹೋಗಾಕ ಗ್ವಾಡಿಯೊಳಗ ತೂತು ಬಿಡಬೇಕಂತ ಅವನಿಗೆ ಹೇಳು" ಅಂದ್ರು ಇವರು.

ಗವಂಡಿ ಮೈದುನನ ಕಡೆ ತಿರುಗಿ, "ಪೆದ್ದಾಯನ ರೈಲುಕಿ ದಾರಿ ಕಾವಾಲಂಟುನ್ನಾಡು" ಅಂತ, ದೊಡ್ಡೋರು ರೈಲಿಗೆ ದಾರಿ ಬೇಕಂತಾರ ಅನ್ನೋದನ್ನ ತೆಲುಗಿನಾಗ ಮುಟ್ಟಿಸಿದ.

"ತೂತಿನಾಗ ಇಲಿ ಬರ್ತಾವಂತ ಹೇಳು."

"ಅವನ ಮನ್ಯಾಗ ಇಲಿ ಮೊದಲೇ ಅದಾವಂತ ಹೇಳು."

ಗವಂಡಿ ಕರಣಿ ಕೆಳಗಿಟ್ಟ. "ನೀವಿಬ್ರೂ ಜರಾ ನೀವೇ ಬೈದಾಡಿಕೊಳ್ರಿ ಸ್ವಾಮಿ, ನಾ ಚಾ ಕುಡದು ಬರ್ತೀನಿ" ಅಂತ ಹೋಗಿಬಿಟ್ಟ. ಅವನು ಬರೋ ತನಕ ಇಬ್ಬರೂ ಬಿಸಿಲಾಗ ದಾರದ ಆಚಿ ಈಚಿ ಮಾತಿಲ್ಲದ ನಿಂತಿದ್ರು. ಅವನು ಬಂದ ಕೂಡ್ಲೆ ಇಬ್ಬರೂ ಒಮ್ಮೆಗೇ, "ಅವನಿಗೆ ಹೇಳು" ಅಂದ್ರು.

ಕಡೀಗೆ ನನ್ನ ನೆಗೆಣ್ಣಿ, ಅಂದ್ರ ಮೈದುನನ ಹೆಂಡತಿ, ಗವಂಡಿಗೆ ಮಜ್ಜಿಗಿ ತಂದು ಕೊಟ್ಟು, "ತೂತು ಬಿಡಪ್ಪ, ಇಲಿ ಬಂದ್ರ ನಾ ನೋಡಿಕೊಳ್ತೀನಿ" ಅಂದ್ಲು. ಹಂಗ ಉಳೀತು ಆ ತೂತು.

ಉಗ್ಗಾಣಿ

ಗ್ವಾಡಿ ಎದ್ದ ಮ್ಯಾಲೆ ರೈಲು ಆ ಕಡೆ ಹೋಗಿ ಬರುವಾಗ ಟ್ರಾಲಿಯೊಳಗ ಏನರ ಇರ್ತಿತ್ತು. ಒಂದಿನ ಕರಿಬೇವು, ಒಂದಿನ ನಾಕು ಹಸಿಮೆಣಸಿನಕಾಯಿ. ನೆಗೆಣ್ಣಿ ಕೆಲಸ. ಒಂದು ಮುಂಜಾನೆ ಬಾಳಿ ಎಲಿಯೊಳಗ ಬಿಸಿ ಉಗ್ಗಾಣಿ ಬಂತು, ಮ್ಯಾಲೆ ಎರಡು ಬಜ್ಜಿ.

ಇವರು ಅಲ್ಲೇ ಕುಂತು ತಿನ್ನಾಕತ್ತಿದ್ರು. "ಅವರ ಮನಿದು ಅದು, ಆಣಿ ಏನಾತು?" ಅಂದೆ.

"ಹೊಸ್ತಿಲ ದಾಟಿಲ್ಲ. ರೈಲಿನಾಗ ಬಂದೈತಿ" ಅಂದ್ರು, ಬಜ್ಜಿ ಬಾಯಾಗಿಟ್ಟುಕೊಂಡೇ.

ಅವತ್ತಿಂದ ಮುಂಜಾನೆ ತಪ್ಪದ ರೈಲು ಬಿಡೋರು. ಖಾಲಿ ಬಂದ್ರ, "ಲೋಡು ಬಂದಿಲ್ಲ" ಅಂತ ಸಪ್ಪ ಮುಖ ಮಾಡಿಕೊಂಡು ನನ್ನ ಉಪ್ಪಿಟ್ಟಿಗೆ ಬರೋರು.

ಆಮ್ಯಾಲೆ ಒಂದು ವಾರ ಖಾಲಿನೇ ಬಂತು. ನೆಗೆಣ್ಣಿಗೆ ಉಸಿರಿನ ತ್ರಾಸು ಜಾಸ್ತಿ ಆಗಿ ಬಳ್ಳಾರಿ ಆಸ್ಪತ್ರಿಗೆ ಸೇರಿಸಿದ್ರು. ನಾನು ನೋಡಾಕ ಹೋದೆ. ಮೂಗಿಗೆ ನಳಿಗಿ ಹಾಕಿದ್ರು, ಗುರುತೇ ಸಿಗದಂಗ ಆಗಿದ್ಲು. ನನ್ನ ಕೈ ಹಿಡದು ಹತ್ರ ಕರದು, ಮೆಲ್ಲಗ ಅಂದ್ಲು: "ಅಕ್ಕ, ಭಾವನೋರಿಗೆ ಹೇಳು, ಮುಂದಿನ ಸೂಚನಿ ಬರೋ ತನಕ ರೈಲು ರದ್ದು."

ಮೊದಲ ತುತ್ತು

ಆಕಿ ತಿರುಗಿ ಬರಲಿಲ್ಲ.

ಇವರು ಮಣ್ಣಿಗೆ ಹೋದ್ರು, ಎಲ್ಲಾರ ಹಿಂದ. ಬಂದು ನಮ್ಮ ಮನ್ಯಾಗೇ ಕುಂತ್ರು. ಸಾವಿನ ಮನ್ಯಾಗ ಅವತ್ತು ಒಲಿ ಹಚ್ಚಂಗಿಲ್ಲ, ಅಡಿಗಿ ನಾನೇ ಮಾಡಿದ್ದೆ. ನಮ್ಮ ಮನಿತನದಾಗ ಇನ್ನೊಂದು ಪದ್ಧತಿ ಐತಿ: ದುಃಖದಾಗ ಇದ್ದೋರಿಗೆ ಮೊದಲ ತುತ್ತು ಹಿರಿಯರು ಕೈಯಾರೆ ತಿನ್ನಿಸಬೇಕು. ಹಿರಿಯರು ಅಂದ್ರ ಇವರೊಬ್ಬರೇ. ಮೈದುನ ಬೇವಿನ ಗಿಡದ ಕೆಳಗ ಕುಂತಾನ, ಹಿಂದಿನ ದಿನದಿಂದ ಹೊಟ್ಟಿಗೇನಿಲ್ಲ, ಮೊದಲೇ ಶುಗರ್ ಐತಿ ಅವನಿಗೆ. ನಾನು ತಾಟು ಒಯ್ದೆ, ತಲಿ ಅಲ್ಲಾಡಿಸಿದ. "ಅಣ್ಣ ಕೊಟ್ರ ಉಣ್ತೀನಿ ಅತ್ತಿಗಿ, ಇಲ್ಲಾಂದ್ರ ಬ್ಯಾಡ."

ತಾಟು ಅಲ್ಲೇ ಇಟ್ಟು ಬಂದು ಇವರಿಗೆ ಹೇಳಿದೆ. "ಅಪ್ಪನ ಮ್ಯಾಲಿನ ಆಣಿ, ಹೊಸ್ತಿಲ ಹ್ಯಾಂಗ ತುಳೀಲಿ?" ಅಂತ ಕಣ್ಣಾಗ ನೀರು ತಂದುಕೊಂಡ್ರು. ಆಮ್ಯಾಲೆ ಏನನಿಸ್ತೋ, ಎದ್ದು ಟ್ರಾಲಿಯೊಳಗ ಬಾಳಿ ಎಲಿ ಹಾಸಿ, ತಾವೇ ಕೈಯಾರೆ ಅನ್ನ ಸಾರು ಬಡಿಸಿ ರೈಲು ಬಿಟ್ರು. ನಾನು ಆ ಕಡೆ ಓಡಿದೆ. ಅಳಾಕ ಬಂದಿದ್ದ ಹೆಣ್ಣುಮಕ್ಕಳೆಲ್ಲಾ ಗಪ್ಪಾಗಿ ನೋಡಾಕತ್ರು. ಗುಡುಗುಡು ಅಂತ ತೂತಿನಿಂದ ಹೊರಗ ಬಂತು, ಮೈದುನನ ಮುಂದ ಬಂತು, ಕೊಂಡಿ ಕಳಚಿ ತೊಟ್ಟಿ ಹೊರಳಿ ಅನ್ನ ಸಾರೆಲ್ಲಾ ಅವನ ಪಾದದ ಮ್ಯಾಲೆ ಸುರೀತು. ಟ್ರಾಲಿನೂ ಹಳಿ ಬಿಟ್ಟು ಬಿತ್ತು.

ಮೈದುನ ಗ್ವಾಡಿ ಕಡೆ ಮುಖ ಮಾಡಿ, "ಕೊಂಡಿ ಹಾಕೋದು ನಿನಗ ಇನ್ನೂ ಬರಲಿಲ್ಲೇನೋ ಅಣ್ಣ" ಅಂದ. ನಡುವ ಯಾರೂ ಇಲ್ಲದ ಆಡಿದ ಮಾತು.

ಗ್ವಾಡಿ ಆಚಿ ಏನೋ ಸದ್ದಾತು. ನೋಡ್ತೀವಿ, ಇವರು ಸ್ಟೂಲು ಹಾಕಿಕೊಂಡು ಗ್ವಾಡಿ ಹತ್ತಾಕತ್ತಾರ. ಹಿಂಗ ಬಂದ್ರ ಹೊಸ್ತಿಲ ತುಳಿಯೋದು ಬ್ಯಾಡಲ್ಲ. ಹತ್ತೇನೋ ಹತ್ತಿದ್ರು, ಧೋತರ ಕಬ್ಬಿಣದ ಸರಳಿಗೆ ಸಿಕ್ಕೊಂತು. ಒಂದು ಕಾಲು ನಮ್ಮ ಕಡೆ, ಒಂದು ಕಾಲು ಅವರ ಕಡೆ, ಅತ್ತಲಾಗೂ ಇಲ್ಲ, ಇತ್ತಲಾಗೂ ಇಲ್ಲ. ಅಲ್ಲಿಂದಲೇ, "ತಾಟು ಕೊಡು" ಅಂತ ನನಗ ಕೈ ಚಾಚಿದ್ರು. ಕೊಟ್ಟೆ. ಅನ್ನ ಕಲಸಿ, ಬಗ್ಗಿ, ಕೆಳಗ ನಿಂತ ತಮ್ಮನ ಬಾಯಾಗ ತುತ್ತಿಟ್ರು. ಅವನು ಅಳಕೋಂತ ಅಗದ, ಅಗಕೋಂತ ಅತ್ತ.

"ಇನ್ನೊಂದು ತುತ್ತು ಕೊಡಣ್ಣ."

"ಕೊಡ್ತೀನಿ, ಮೊದಲು ನನ್ನ ಇಳಸು. ಕಾಲು ಜೋಮು ಹಿಡದೈತಿ."

ಮೈದುನ ಎರಡೂ ಕೈಲೆ ಅಣ್ಣನ ಕಾಲು ಹಿಡಕೊಂಡು, "ಯಾವ ಕಡೆ ಇಳಸಲಿ?" ಅಂತ ಕೇಳಿದ.

ಇವರು ತಮ್ಮ ಮನಿ ನೋಡಿದ್ರು, ಅವನ ಮನಿ ನೋಡಿದ್ರು. ಕೂಡಿದ ಜನ ಎಲ್ಲಾ ತಲಿ ಎತ್ತಿ ನಿಂತಾರ.

"ಟ್ರಾಲಿ ಯಾವ ಕಡೆ ಬಿದ್ದೈತೋ ಆ ಕಡೆ" ಅಂದ್ರು.