ಒಂಬತ್ತು ಗಂಟೆ ಕಾಣೆಯಾಗಿದ್ದ ಅಜ್ಜ

ಅಕ್ಕ: ವಿಮಾನದ ವಿಷಯ ಇಲ್ಲಿ ಎತ್ತಬೇಡ ಅಂದ್ನಲ್ಲ. ಕೋವಿಯಲ್ಲಿ ಹೊಡೆದು ಬೀಳಿಸೋಕೆ ಅದೇನು ಕಾಗೆನಾ?

ತಮ್ಮ: ಅಜ್ಜನ ಗುರಿ ನಿನಗೇನು ಗೊತ್ತು? ಎರಡೇ ಗುಂಡು. ಎರಡು ವಿಮಾನ ಗಿರಗಿರ ಅಂತ ಕೆಳಗೆ!

ಅಕ್ಕ: ಹೋದ ವರ್ಷ ಒಂದೇ ಇತ್ತಲ್ಲೋ?

ತಮ್ಮ: ಆಗ ಸರಿಯಾಗಿ ನೆನಪಾಗಿರಲಿಲ್ಲ.

ಸೈನ್ಯದ ಹಳೆಯ ದಾಖಲೆಗಳ ಕಚೇರಿ, ನಾಲ್ಕನೆಯ ಕಿಟಕಿ. ಅಕ್ಕ ಬಟ್ಟೆ ಹೊಲಿಯುವವಳು. ಅಂಗಡಿಯಿಂದ ನೇರ ಬಂದಿದ್ದರಿಂದ ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ತಮ್ಮ ಕಾರು ಓಡಿಸುವುದನ್ನು ಕಲಿಸುವವನು. ಗಾಬರಿಯಾದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಗಾಜಿನಾಚೆ ಕೂತಿದ್ದ ಗುಮಾಸ್ತ ಕನ್ನಡಕ ಒರೆಸಿಕೊಂಡು ಇಬ್ಬರನ್ನೂ ನೋಡಿದ.

ಗುಮಾಸ್ತ: ಯಾರ ದಾಖಲೆ?

ತಮ್ಮ: ನಮ್ಮ ಅಜ್ಜಂದು ಸಾರ್. ಅಮ್ಮನ ಅಪ್ಪ. ಮಹಾಯುದ್ಧದಲ್ಲಿ ಮೂರು ವಿಮಾನ...

ಅಕ್ಕ: ಸಾರ್, ಇವನ ಮಾತು ಬಿಡಿ. ನಮ್ಮಮ್ಮ ಮೂರು ದಿನದಿಂದ ಮಾತು ಬಿಟ್ಟು ಕೂತಿದ್ದಾರೆ. ಕೇರಂ ಆಡೋವಾಗ ಜಗಳ ಆಯ್ತು. ಎದುರುಮನೆಯವರು ‘ನೀನು ಸೈನ್ಯ ಬಿಟ್ಟು ಓಡಿಬಂದವನ ಮಗಳಲ್ವಾ’ ಅಂದುಬಿಟ್ಟರು.

ಗುಮಾಸ್ತ: ಓಡಿಬಂದಿದ್ರಾ?

ಅಕ್ಕ: ಅದನ್ನ ಕೇಳೋಕೇ ಬಂದಿರೋದು. ಯುದ್ಧ ಮುಗಿದಾಗ ನಮ್ಮ ಬೀದಿಯಿಂದ ಸೈನ್ಯಕ್ಕೆ ಹೋಗಿದ್ದ ಬೇರೆಯವರೆಲ್ಲ ವಾಪಸ್ ಬಂದರು. ಅಜ್ಜ ಬಂದದ್ದು ಅದಾಗಿ ಎರಡು ವರ್ಷಕ್ಕೆ, ಕುಂಟುತ್ತಾ. ಎಲ್ಲಿದ್ದೆ ಅಂದರೆ ‘ಕೆಲಸ ಇತ್ತು’ ಅಂದರಂತೆ. ಸಾಯೋವರೆಗೂ ಅದೊಂದೇ ಉತ್ತರ. ಹೆದರಿ ಎಲ್ಲೋ ಅಡಗಿದ್ದ ಅಂತ ಬೀದಿಯವರೇ ತೀರ್ಮಾನ ಮಾಡಿದ್ರು. ದಾಖಲೆ ಇಲ್ಲದೆ ಮನೆಗೆ ಬರಬೇಡಿ ಅಂತ ಅಮ್ಮ ಹೇಳಿದ್ದಾರೆ.

ಗುಮಾಸ್ತ: ಮಾತು ಬಿಟ್ಟಿದ್ದಾರೆ ಅಂದ್ರಿ?

ಅಕ್ಕ: ಚೀಟೀಲಿ ಬರೆದುಕೊಟ್ಟರು.

ಗುಮಾಸ್ತ ಅರ್ಜಿಯಲ್ಲಿದ್ದ ಹೆಸರನ್ನು ಓದಿ ತಲೆಯಾಡಿಸಿದ.

ಗುಮಾಸ್ತ: ಈ ಹೆಸರಿನವರು ನಮ್ಮಲ್ಲಿ ನಲವತ್ತೇಳು ಜನ ಇದ್ದಾರೆ. ಸೇವಾ ಸಂಖ್ಯೆ ಬೇಕು.

ಅಕ್ಕ ಚೀಲದಿಂದ ಅಜ್ಜನ ತಗಡಿನ ಲೋಟ ತೆಗೆದಳು. ಅದರ ತಳದಲ್ಲಿ ಮೊಳೆಯಿಂದ ಗೀಚಿದ ನಾಲ್ಕು ಅಂಕಿಗಳಿದ್ದವು. ಅವಳು ಕನ್ನಡಕ ಹುಡುಕುವಷ್ಟರಲ್ಲಿ ತಮ್ಮ ಲೋಟ ಕಸಿದುಕೊಂಡು ಗಟ್ಟಿಯಾಗಿ ಓದಿಬಿಟ್ಟ.

ತಮ್ಮ: 1689!

ಕಾಲು ಗಂಟೆಯ ನಂತರ ಗುಮಾಸ್ತ ಒಂದು ದಪ್ಪ ಕಡತ ಹೊತ್ತು ತಂದ.

ಗುಮಾಸ್ತ: ಎತ್ತರ ಆರು ಅಡಿ ಎರಡು ಅಂಗುಲ.

ತಮ್ಮ: ನೋಡಿದ್ಯಾ! ನಾನು ಹೇಳಲಿಲ್ವಾ?

ಗುಮಾಸ್ತ: ಕೆಲಸ, ತುತ್ತೂರಿ ಊದೋದು.

ತಮ್ಮ: ಒಂದು ಕೈಲಿ ತುತ್ತೂರಿ, ಇನ್ನೊಂದರಲ್ಲಿ ಕೋವಿ!

ಗುಮಾಸ್ತ: ಹೆಂಡತಿಯರು ಮೂವರು. ಒಬ್ಬರ ಮೇಲೊಬ್ಬರು ಕೊಟ್ಟಿರೋ ದೂರುಗಳಿಂದಲೇ ಕಡತ ಇಷ್ಟು ದಪ್ಪ ಆಗಿದೆ.

ಅಕ್ಕ: ಅಯ್ಯೋ! ಒಬ್ಬ ಅಜ್ಜಿಯ ಬಾಯಿ ತಡೆಯೋಕೇ ಆಗ್ತಿರಲಿಲ್ಲ ಅಜ್ಜಂಗೆ!

ತಮ್ಮ: ಹಾಗಾದರೆ ಇನ್ನಿಬ್ಬರ ಮಕ್ಕಳು ನಮಗೆ ಏನಾಗಬೇಕು?

ಅಕ್ಕ: ಕೊಡೋ ಇಲ್ಲಿ ಆ ಲೋಟ!

ಕೊನೆಗೂ ಕನ್ನಡಕ ಸಿಕ್ಕಿತ್ತು. ಅವಳು ಲೋಟವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದಳು.

ಅಕ್ಕ: ತಲೆಕೆಳಗು ಓದಿದ್ದೀಯಲ್ಲೋ! 6891 ಸಾರ್, 6891.

ತಮ್ಮ: ದುಂಡಗಿರೋ ಲೋಟಕ್ಕೆ ಮೇಲು ಯಾವುದು, ಕೆಳಗು ಯಾವುದು? ಅಜ್ಜ ಒಂದು ಬಾಣದ ಗುರುತು ಹಾಕಬಹುದಿತ್ತು.

ಗುಮಾಸ್ತ ಮತ್ತೆ ಎದ್ದುಹೋದ. ಈ ಸಲ ಅವನು ತಂದದ್ದು ತೆಳ್ಳಗಿನ ಕಡತ. ಅದರ ಮೇಲಿನ ಧೂಳಿಗೆ ಮೂವರೂ ಸರದಿಯಂತೆ ಸೀನಿದರು.

ಗುಮಾಸ್ತ: ಎತ್ತರ ಐದು ಅಡಿ ಮೂರು ಅಂಗುಲ. ಎಡಗಿವಿಯ ಕೆಳಗೆ ಮಚ್ಚೆ.

ಅಕ್ಕ: ಇವರೇ! ಇವರೇ ನಮ್ಮಜ್ಜ.

ಗುಮಾಸ್ತ: ಸೇರಿದಾಗ ವಯಸ್ಸು ಹದಿನೆಂಟು.

ಅಕ್ಕ: ಹದಿನಾರು ಸಾರ್.

ತಮ್ಮ: ಶ್! ಹಿಡಿದುಕೊಡ್ತಿದ್ದೀಯಲ್ಲ!

ಗುಮಾಸ್ತ: ಹೆದರಬೇಡಿ ಸ್ವಾಮಿ. ಎಂಬತ್ತು ವರ್ಷ ಆಗಿಹೋಯ್ತು. ಈಗ ಯಾರೂ ವಾಪಸ್ ಕಳಿಸಲ್ಲ. ದಳ, ಸರಕು ಸಾಗಣೆ. ಕೆಲಸ, ಹೇಸರಗತ್ತೆ ನಡೆಸೋದು.

ತಮ್ಮನ ಮುಖ ಚಿಕ್ಕದಾಯಿತು.

ತಮ್ಮ: ಕೋವಿ?

ಗುಮಾಸ್ತ: ಕೊಟ್ಟ ಸಾಮಾನಿನ ಪಟ್ಟಿ ಇಲ್ಲಿದೆ. ಕಂಬಳಿ ಎರಡು, ಲೋಟ ಒಂದು, ಬ್ರಷ್ ಒಂದು, ಬೆತ್ತ ಒಂದು.

ತಮ್ಮ: ಗಾಯ ಆಗಿತ್ತಲ್ಲ ಸಾರ್? ಮಂಡಿಗೆ ಗುಂಡು ಬಿದ್ದಿತ್ತು!

ಗುಮಾಸ್ತ: ಎಡಮಂಡಿ... ಹೇಸರಗತ್ತೆ ಒದ್ದದ್ದು.

ತಮ್ಮ: ಶತ್ರುಗಳ ಹೇಸರಗತ್ತೆ ತಾನೆ?

ಗುಮಾಸ್ತ: ನಮ್ಮದೇ. 212ನೇ ನಂಬರಿಂದು.

ಅಕ್ಕ ನಗು ತಡೆಯಲು ಟೇಪಿನ ತುದಿ ಕಚ್ಚಿಕೊಂಡಳು. ಆದರೆ ಗುಮಾಸ್ತನ ಬೆರಳು ಮುಂದಿನ ಸಾಲಿನಲ್ಲಿ ನಿಂತಿತು.

ಗುಮಾಸ್ತ: ಇಲ್ಲಿ... ಶಿಕ್ಷೆ ಅಂತ ಇದೆ. ದಳ ನದಿ ದಾಟಿ ಹಿಂದೆ ಸರೀತಿದ್ದಾಗ, ಅಪ್ಪಣೆ ಇಲ್ಲದೆ ಒಂಬತ್ತು ಗಂಟೆ ಕಾಣೆ.

ತಮ್ಮನ ಬಲಗಾಲು ನೆಲವನ್ನು ಜೋರಾಗಿ ತುಳಿಯಿತು. ಅಕ್ಕನ ನಗು ನಿಂತೇಹೋಯಿತು. ಯಾವಾಗಲೂ ಇದ್ದದ್ದನ್ನು ಇದ್ದಹಾಗೆ ಹೇಳು ಎನ್ನುತ್ತಿದ್ದವಳು ಅವಳೇ. ಈಗ ಅವಳೇ ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡಳು.

ತಮ್ಮ: ಆ ಹಾಳೆ ಬಿಟ್ಟು ಬೇರೆ ಹಾಳೆಗಳ ನಕಲು ಕೊಡಿ ಸಾರ್.

ಅಕ್ಕ: ಬೇಡ. ಓದಿ ಸಾರ್. ಏನಿದೆಯೋ ಅದನ್ನೇ ಅಮ್ಮಂಗೆ ಹೇಳ್ತೀನಿ.

ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದ. ಅವನ ದನಿ ನಿಧಾನವಾಯಿತು.

ಗುಮಾಸ್ತ: ‘ಆಚೆ ದಡದಲ್ಲಿ ಉಳಿದ 212ನೇ ಹೇಸರಗತ್ತೆಯನ್ನು ತರಲು ಗುಂಡಿನ ದಾಳಿಯ ನಡುವೆ ಒಬ್ಬನೇ ವಾಪಸು ಹೋದನು. ಬೆಳಗಿನ ಜಾವ ಹೇಸರಗತ್ತೆಯೊಂದಿಗೆ ಮರಳಿದನು. ಅದರ ಬೆನ್ನ ಮೇಲಿದ್ದವರು ಗಾಯಗೊಂಡ ಇಬ್ಬರು ಸೈನಿಕರು. ಬಾಲ ಹಿಡಿದು ಬಂದವನು ಒಬ್ಬ.’

ತಮ್ಮ: ಬಾಲ ಹಿಡಿದವನಿಗೆ ಒದೀಲಿಲ್ವಾ?

ಗುಮಾಸ್ತ: ಬರೆದಿಲ್ಲ. ಅದರ ಕೆಳಗೇ ಪದಕಕ್ಕೆ ಶಿಫಾರಸು. ಶಿಕ್ಷೆ ಕೊಟ್ಟ ಅಧಿಕಾರಿಯೇ ಬರೆದಿರೋದು. ಒಂದೇ ದಿನ, ಒಂದೇ ಸಹಿ.

ಅಕ್ಕ: ಪದಕನಾ? ಮನೇಲಿ ಯಾವ ಪದಕಾನೂ ಇಲ್ವಲ್ಲ!

ಗುಮಾಸ್ತ: ತಗೊಂಡಿಲ್ಲ. ತಗೊಳ್ಳೋಕೆ ಹುಟ್ಟಿದ ದಿನಾಂಕದ ದಾಖಲೆ ಕೊಡಬೇಕಿತ್ತು.

ಅಕ್ಕನಿಗೂ ತಮ್ಮನಿಗೂ ಒಟ್ಟಿಗೇ ಹೊಳೆಯಿತು. ಹದಿನಾರಕ್ಕೆ ಎರಡು ಸೇರಿಸಿ ಹೇಳಿದ್ದವನು ಯಾವ ದಾಖಲೆ ತಂದಾನು!

ಗುಮಾಸ್ತ: ಕೊನೇ ಹಾಳೆ. ಯುದ್ಧ ಮುಗಿದ ಮೇಲೆ ನಿಮ್ಮಜ್ಜ ಯಾರ ಕೈಲೋ ಬರೆಸಿದ ಅರ್ಜಿ. ‘ನನಗೆ ಪದಕ ಬೇಡ. ಅದರ ಬದಲು 212 ಅನ್ನು ಮನೆಗೆ ಕರೆದುಕೊಂಡು ಹೋಗಲು ಅಪ್ಪಣೆ ಕೊಡಬೇಕು.’

ತಮ್ಮ: ಒದ್ದಿದ್ದನ್ನೇ?

ಗುಮಾಸ್ತ: ಅದನ್ನೇ. ಉತ್ತರವೂ ಇದೆ. ‘ಹೇಸರಗತ್ತೆಯು ಸರ್ಕಾರದ ಸ್ವತ್ತು, ಕೊಡಲು ಬರುವುದಿಲ್ಲ. ಬೇಕಿದ್ದರೆ ಅರ್ಜಿದಾರನು ಪ್ರಾಣಿಗಳ ಆಸ್ಪತ್ರೆಯಲ್ಲಿ ಅದರ ಜೊತೆಗಿರಬಹುದು.’ ಆಮೇಲೆ ನಿಮ್ಮಜ್ಜನ ಹೆಬ್ಬೆಟ್ಟು. ಎರಡು ವರ್ಷ ಅಲ್ಲೇ ಇದ್ದಾರೆ.

ಅಕ್ಕ: ಕೆಲಸ ಇತ್ತು... ನಿಜವಾಗಲೂ ಕೆಲಸಾನೇ ಇತ್ತಲ್ಲೋ.

ಅವಳು ಟೇಪಿನಲ್ಲೇ ಕಣ್ಣೊರೆಸಿಕೊಂಡಳು. ತಮ್ಮ ಫೋನು ತೆಗೆದು ಮನೆಗೆ ಮಾಡಿದ.

ತಮ್ಮ: ಅಮ್ಮಾ, ಕೇಳಿಸ್ತಿದ್ಯಾ? ಮಾತಾಡಬೇಡ, ಕೇಳಿಸಿದರೆ ಒಂದು ಸಲ ಕೆಮ್ಮು.

ಆಚೆಯಿಂದ ಒಂದು ಬಿಗುವಾದ ಕೆಮ್ಮು ಕೇಳಿತು.

ತಮ್ಮ: ಅಜ್ಜ ಓಡಿಹೋಗಿರಲಿಲ್ಲ ಅಮ್ಮ. ಎಲ್ಲರೂ ಹಿಂದಕ್ಕೆ ಬರ್ತಿದ್ದಾಗ ಅವರೊಬ್ಬರೇ ಮುಂದಕ್ಕೆ ಹೋದರು...

ಅವನು ಎಲ್ಲವನ್ನೂ ಹೇಳಿದ. ನದಿ, ಮೂವರು ಸೈನಿಕರು, ಅರ್ಜಿ, ಹೆಬ್ಬೆಟ್ಟು. ಒಂದು ಸಾಲನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಅಕ್ಕ ಅವನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು. ಆಚೆ ಮೂರು ದಿನ ಬೀಗ ಬಿದ್ದಿದ್ದ ಅಮ್ಮನ ಬಾಯಿ ತೆರೆಯಿತು.

ಅಮ್ಮ: ಪಾಪ, ಆಮೇಲೆ ಅದಕ್ಕೇನಾಯ್ತಂತೆ?

ತಮ್ಮ: ಯಾವುದಕ್ಕೆ?

ಅಮ್ಮ: ಆ ಹೇಸರಗತ್ತೆಗೆ ಕಣೋ! ಎದುರುಮನೆಯವಳು ಕೇಳಿದರೆ ಏನು ಹೇಳಲಿ? ಅರ್ಧಂಬರ್ಧ ಕಥೆ ತಗೊಂಡು ಮನೆಗೆ ಬರಬೇಡಿ.

ಫೋನು ಕಟ್ಟಾಯಿತು. ಇಬ್ಬರೂ ಗುಮಾಸ್ತನ ಕಡೆ ತಿರುಗಿದರು.

ಗುಮಾಸ್ತ: ಪ್ರಾಣಿಗಳ ದಾಖಲೆ ಬೇರೆ ವಿಭಾಗ. ಮೂರನೇ ಮಹಡಿ. ಇನ್ನು ಹತ್ತು ನಿಮಿಷಕ್ಕೆ ಬಾಗಿಲು ಹಾಕ್ತಾರೆ.

ಅವನ ಮಾತು ಮುಗಿಯುವ ಮೊದಲೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ಓಡಿದ್ದಳು. ಹಿಂದೆಯೇ ತಮ್ಮ. ಗುಮಾಸ್ತ ಕಡತ ಎತ್ತಿಹಿಡಿದು ಕೂಗಿದ.

ಗುಮಾಸ್ತ: ಅಮ್ಮಾ, ನಿಲ್ಲಿ! ನಿಮ್ಮಜ್ಜನ ದಾಖಲೆಯ ನಕಲು ಬೇಡ್ವಾ?

ಅಕ್ಕ (ಮೆಟ್ಟಿಲ ಮೇಲಿನಿಂದ): ಎಂಬತ್ತು ವರ್ಷ ಇಟ್ಕೊಂಡಿದ್ದೀರಂತೆ, ಇನ್ನು ಹತ್ತು ನಿಮಿಷ ಇಟ್ಕೊಂಡಿರಿ ಸಾರ್!