ರಾಜರತ್ನನಿಗೆ ಬೇಡವಾದ ಹಿರಿತನ

ರೋಣದ ಸಣ್ಣ ಚರ್ಚಿಗೆ ಹಿರಿಯರಾಗಿದ್ದ ಯೋಹಾನಪ್ಪನವರು ನರಗುಂದದ ಮಗಳ ಮನೆಗೆ ಗಂಟುಮೂಟೆ ಕಟ್ಟಿದ್ದೇ ತಡ, ಕಂಡಕ್ಟರ್ ರಾಜರತ್ನನ ನಿದ್ದೆಗೆ ಸಂಚಕಾರ ಬಂತು.

ವಾರವಿಡೀ ಗಜೇಂದ್ರಗಡದ ಬಸ್ಸಿನಲ್ಲಿ ನಿಂತೇ ಬದುಕುವ ಅವನಿಗೆ ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಉದ್ದಕ್ಕೆ ಬೀಳುವುದೊಂದೇ ಸುಖ. ಹಿರಿಯನಾದವನಿಗೆ ಆ ಸುಖವಿಲ್ಲ. ಅಬ್ಬಿಗೇರಿಯಲ್ಲಿ ಹೆಣ್ಣು ನೋಡುವುದಿದ್ದರೂ, ಕೊಣ್ಣೂರಿನಲ್ಲಿ ಅಣ್ಣತಮ್ಮಂದಿರು ಜಗಳಾಡಿದರೂ, ಸಭೆಯ ಸಮಾಧಿ ಜಾಗದ ಬೇಲಿ ಮುರಿದು ಎಮ್ಮೆ ನುಗ್ಗಿದರೂ ಹಿರಿಯನೇ ಓಡಬೇಕು. ಅದೂ ಎಲ್ಲರಿಗೂ ಬಿಡುವಿರುವ ಭಾನುವಾರವೇ. ಕಳೆದ ಕ್ರಿಸ್‌ಮಸ್‌ನಲ್ಲಿ ಊಟಕ್ಕೆ ನುಗ್ಗಿದ ಮಂದಿಯನ್ನೆಲ್ಲ ಒಂದೇ ಕೂಗಿಗೆ ಸಾಲು ಮಾಡಿ ನಿಲ್ಲಿಸಿದ್ದ ರಾಜರತ್ನನ ಮೇಲೆ ಸಭೆಯವರ ಕಣ್ಣು ಬಿದ್ದಿತ್ತು.

ಹೊಸ ಹಿರಿಯನನ್ನು ಆರಿಸುವ ಭಾನುವಾರ ಸಭಾಪಾಲಕರು ಉಪದೇಶದಲ್ಲಿ ಅದೇ ವಿಷಯ ಎತ್ತಿದರು. “ಶಿಷ್ಯರ ಕಾಲು ತೊಳದ ಕರ್ತನ ಸಭಾಕ್ಕ ಎಂಥಾ ಮುಂದಾಳು ಬೇಕು? ಸಿಟ್ಟು ನುಂಗಾವ ಬೇಕು. ಎಲ್ಲಾರಿಗೂ ನೀಡಿ ಕಡೀಕ ಉಣ್ಣಾವ ಬೇಕು. ತನ್ನ ಮನೀನ ಆಳಾಕ ಬರದಾವ ದೇವರ ಮನಿ ಹ್ಯಾಂಗ ನೋಡ್ಕೋತಾನ? ಊಟ ಆದಮ್ಯಾಲ ಆರಿಸೋಣು.”

ರಾಜರತ್ನನಿಗೆ ಜೀವ ಬಂದಂತಾಯಿತು. ಇವೊಂದೂ ತನ್ನಲ್ಲಿಲ್ಲ ಎಂದು ಎಲ್ಲರೆದುರು ತೋರಿಸಿಬಿಟ್ಟರೆ ಸಾಕು, ಮನೆಗೆ ಹೋಗಿ ಮಲಗಬಹುದು.

ಮೊದಲು ಸಿಕ್ಕವನು ಶಾಮಿಯಾನದ ಆರಿಫ. ಊಟದ ತಟ್ಟೆಗಳನ್ನು ತಡವಾಗಿ ತಂದಿದ್ದ. ರಾಜರತ್ನ ಅಂಗಳದ ನಟ್ಟನಡುವೆ ನಿಂತು ಚೀರಿದ. “ಈಗ ಬರ್ತೀಯೇನಲೇ? ಹಸದ ಮಂದಿ ನಿನ್ನ ಮಾರಿ ನೋಡ್ಕೋಂತ ಕುಂದರಬೇಕೇನು?”

ಪಾಪ, ಆರಿಫ ಹೆದರಿ ಅಂಗಡಿಗೆ ಓಡಿದವನು ಯಾರೂ ಕೇಳದ ಎರಡು ದೊಡ್ಡ ಫ್ಯಾನು ಹೊತ್ತು ತಂದ. “ಸಿಟ್ಟಾಗಬ್ಯಾಡ್ರಿ ಕಾಕಾ, ಇವನ್ನ ಪುಕ್ಕಟೆ ಹಚ್ಚೇನಿ.”

ಸಭೆಗೆಲ್ಲ ಅಜ್ಜಿಯಾದ ಸಣ್ಣವ್ವ ಗಾಳಿಗೆ ಸೆರಗು ಸಡಿಲಿಸಿ ಕುಳಿತಳು. ಅವಳು ಹೂಂ ಎಂದರೆ ಉಳಿದವರ ಕೈ ತಾವಾಗಿ ಏಳುತ್ತವೆ. “ತನ್ನ ಸಲುವಾಗಿ ಬೈದಾನೇನು? ಹಸದವ್ರ ಸಲುವಾಗಿ ಬೈದಾನ. ಇಂಥಾ ಹಿರ್ಯಾ ಬೇಕ ನೋಡ್ರಿ” ಎಂದಳು.

ರಾಜರತ್ನ ಹಲ್ಲು ಕಚ್ಚಿದ. ಮುಂದಾಳುಗಳಾದವರು ಬಡಿಸಿ, ಕೊನೆಗೆ ಉಣ್ಣುವುದು ಆ ಸಭೆಯ ರೂಢಿ. ಅವನು ಎಲ್ಲರಿಗಿಂತ ಮೊದಲೇ ಹೋಗಿ ಪಂಕ್ತಿಯಲ್ಲಿ ಒಬ್ಬನೇ ಕುಳಿತು ತಟ್ಟೆ ಬಡಿದ. “ನೀಡ್ರಿ, ಲಗೂ ನೀಡ್ರಿ!”

ನೀಡಿದರು. ಮೊದಲ ತುತ್ತಿಗೇ ಅವನ ಕಣ್ಣು ಮೇಲೆ ಸಿಕ್ಕಿಕೊಂಡವು. ಅಡಿಗೆಯವರಿಬ್ಬರು ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಎರಡು ಸಲ ಉಪ್ಪು ಸುರಿದಿದ್ದರು.

“ಥೂ! ಇದನ್ನ ಮನಷ್ಯಾರು ಉಣ್ತಾರೇನ?”

ಅಡಿಗೆಯವರು ಓಡಿಬಂದು ನೀರು, ಆಲೂಗಡ್ಡೆ ಹಾಕಿ ಸಾರನ್ನು ಮತ್ತೆ ಕುದಿಸಿದರು. ಸಣ್ಣವ್ವನ ಕಣ್ಣು ತುಂಬಿದವು. “ಕೂಸು ಕುನ್ನಿ ಬಾಯಿಗೆ ಹಾಕೂಕಿಂತ ಮೊದಲ ತಾ ರುಚಿ ನೋಡ್ಯಾನ, ನನ್ನಪ್ಪ!”

ಇನ್ನು ಉಳಿದಿದ್ದು ಹೆಂಡತಿ ಸಲೋಮಿಯೊಡನೆ ಬಹಿರಂಗ ಜಗಳವೊಂದೇ. ಸಾರಿನ ಬಕೆಟ್ ಹಿಡಿದು ಹೊರಟವಳನ್ನು ರಾಜರತ್ನ ಎಂದೂ ಇಲ್ಲದ ದನಿಯಲ್ಲಿ ಗದರಿಸಿದ. “ಏ, ನೀರ ತಾ!”

ಸಲೋಮಿ ತಿರುಗಿಯೂ ನೋಡಲಿಲ್ಲ. “ಎದ್ದ ತಗೋರಿ. ಹಂಗಽ ಆ ಎರಡೂ ಕೊಡಾ ತುಂಬಿ ಒಳಗ ಇಡ್ರಿ.”

ರಾಜರತ್ನ ಎದ್ದ. ಎರಡನೆಯ ಕೊಡ ತುಂಬುವ ಹೊತ್ತಿಗೆ, ತಾನು ಜಗಳಕ್ಕೆಂದು ಬಂದವನು ಎಂಬುದು ನೆನಪಾಯಿತು. ಮುಖ ಸಣ್ಣದಾಯಿತು. ಆದರೆ ಸಭೆಯೆಲ್ಲ ಕಣ್ಣರಳಿಸಿ ನೋಡುತ್ತಿದ್ದುದನ್ನು ಕಂಡು ಒಳಗೊಳಗೇ ಹಿಗ್ಗಿದ. ಮಾನ ಹೋದರೆ ಹೋಗಲಿ, ನಿದ್ದೆ ಉಳಿಯಿತಲ್ಲ.

ಊಟ ಮುಗಿದು ಸಭಾಪಾಲಕರು ಅವನ ಹೆಸರೆತ್ತಿದ ಕೂಡಲೇ ರಾಜರತ್ನ ಎದ್ದು ಕೈ ಮುಗಿದ. “ಅಯ್ಯಾರ, ಖರೇ ಹೇಳ್ತೀನ್ರಿ. ನಮ್ಮನ್ಯಾಗ ನಂದೇನೂ ನಡ್ಯೂದಿಲ್ಲ. ನೀವೆಲ್ಲಾ ಕಣ್ಣಾರೆ ನೋಡೀರಿ. ಮನಿ ಆಳಾಕಿ ಸಲೋಮಿ. ನನಗ ಹಿರಿತನ ಹ್ಯಾಂಗ ಒಪ್ಪಿಸ್ತೀರಿ?”

ಸಣ್ಣವ್ವ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿದಳು.

“ಹಂಗಾದ್ರ ಅಯ್ಯಾರು ಹೇಳಿದ್ದು ಅಕೀಗೇ ಅಲ್ಲೇನ್ರಿ? ಮುಂಜಾನಿಂದ ಎಲ್ಲಾರಿಗೂ ನೀಡ್ಯಾಳ. ತಾ ಇನ್ನೂ ಉಂಡಿಲ್ಲ. ಗಂಡ ಗದರಿಸಿದ್ರೂ ಸಿಟ್ಟಿಗೆ ಬರಲಿಲ್ಲ. ಮನೀನೂ ಆಳ್ತಾಳ!”

ಕೈಗಳು ಸರಸರ ಎದ್ದವು. ಎಲ್ಲರಿಗಿಂತ ಎತ್ತರಕ್ಕೆ, ಎರಡೂ ಕೈ ಎತ್ತಿದವನು ರಾಜರತ್ನ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಚಪ್ಪಾಳೆ ನಿಲ್ಲುವ ಮೊದಲೇ ಚಪ್ಪಲಿ ಹುಡುಕತೊಡಗಿದ.

“ಎಲ್ಲಿಗೆ ಹೊಂಟ್ರಿ?” ಹೊಸ ಹಿರಿಯಳು ಕರೆದಳು. “ಸಮಾಧಿ ಬೇಲಿ ಇವತ್ತಽ ಕಟ್ಟಿ ಬರ್ರಿ. ಮುಂದಿನ ರವಿವಾರ ಅಬ್ಬಿಗೇರಿಗೆ ಹೋಗ್ರಿ, ಅದರಾಚೆಗಿನ ರವಿವಾರ ಕೊಣ್ಣೂರಿಗೆ. ಬಸ್ಸಿನ ದಾರಿ ನಿಮಗ ಗೊತ್ತದ. ನಾ ಇಲ್ಲಿದ್ದು ಸಭಾ ನೋಡ್ಕೋತೀನಿ.”

ರಾಜರತ್ನ ಒಂದೇ ಉಸಿರಿಗೆ ಸಭಾಪಾಲಕರ ಬಳಿ ಓಡಿದ. “ಅಯ್ಯಾರ, ನಾ ರಾಜೀನಾಮೆ ಕೊಡ್ತೀನ್ರಿ!”

ಸಭಾಪಾಲಕರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟರು. “ಯಾವುದಕ್ಕ ರಾಜರತ್ನ? ನಿಮ್ಮನ್ನ ಯಾವುದಕ್ಕೂ ಆರಿಸೇ ಇಲ್ಲಲ್ಲ!”