ಕಾಲಿಗೆ ಎಟುಕದ ಕಾರು

ಕೂರುವುದೂ ಒಂದು ಕೆಲಸ, ಅದನ್ನೂ ಯಾರಾದರೂ ಹೇಳಿಕೊಡಬೇಕು ಎಂಬುದು ನನಗೆ ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯತನಕ ನಾನೂ ಎಲ್ಲರಂತೆ ಸಿಕ್ಕಿದ ಕಡೆ ಕೂತು ಎದ್ದವನೇ. ಜಗಲಿಯ ಮೇಲೆ ಕೂತಿದ್ದೇನೆ, ಮಣೆಯ ಮೇಲೆ ಕೂತಿದ್ದೇನೆ, ಡಾಕ್ಟರ್ ಪರೀಕ್ಷೆಗೆ ಓದುತ್ತಾ ಒಂದೇ ಬೆಂಚಿನ ಮೇಲೆ ಎರಡು ವರ್ಷ ಕೂತಿದ್ದೇನೆ. ಹುಣಸೂರಿನಲ್ಲಿ ಬೋರ್ಡು ತಗುಲಿಹಾಕಿಕೊಂಡ ಮೇಲಂತೂ ಬೇರೆಯವರಿಗೆ ಕೂರುವುದು ಹೇಗೆಂದು ಪಾಠ ಹೇಳುವುದೇ ನನ್ನ ಕಸುಬಾಯಿತು. ಬಗ್ಗಿ ಬರೆಯುವ ಶಾನುಭೋಗರಿಗೆ ಬೆನ್ನು ನೆಟ್ಟಗಿರಲಿ ಎನ್ನುತ್ತಿದ್ದೆ. ಹೊಲಿಗೆ ಮಿಷನ್ನಿನ ಮುಂದೆ ಕುಗ್ಗಿಹೋಗಿದ್ದ ದರ್ಜಿಗೆ ಸ್ಟೂಲನ್ನು ಎತ್ತರ ಮಾಡಿಕೊಳ್ಳಯ್ಯಾ ಎನ್ನುತ್ತಿದ್ದೆ. ಇಷ್ಟೆಲ್ಲ ಹೇಳುವಾಗ ನನ್ನ ಒಂದು ಕೈ ನನ್ನದೇ ಸೊಂಟವನ್ನು ಒತ್ತಿಕೊಂಡಿರುತ್ತಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಡಾಕ್ಟರಿಗೂ ನೋವು ಬರುತ್ತದೆ ಎಂದು ರೋಗಿಗಳಿಗೆ ಹೊಳೆಯುವುದಿಲ್ಲ.

ನೋವಿಗೆ ಮೂಲ ಕಾರು. ಒಂದು ವಾರ ಹೊಸ ಅಗ್ರಹಾರ, ಇನ್ನೊಂದು ವಾರ ಹೆಗ್ಗಡದೇವನಕೋಟೆ ಎಂದು ಜಟಕಾದಲ್ಲಿ ಕುಲುಕಿ ಕುಲುಕಿ ಸಾಕಾಗಿದ್ದ ಕಾಲಕ್ಕೆ, ಕೊಡಗಿನ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬರು ಸೀಮೆಗೆ ಹೊರಟುನಿಂತು ತಮ್ಮ ಹಳೆಯ ಕಾರನ್ನು ನನಗೆ ಮಾರಿದರು. ಆರಡಿಗೆ ಮೇಲಿದ್ದ ಮನುಷ್ಯ. ಅವರು ಒಳಗೆ ಕೂತರೆ ಮಂಡಿಗಳು ಸ್ಟೀರಿಂಗಿನ ಎರಡು ಪಕ್ಕ ಮೇಲೆದ್ದು ನಿಲ್ಲುತ್ತಿದ್ದವಂತೆ. ಅದಕ್ಕೇ ಅವರು ಮುಂದಿನ ಸೀಟನ್ನು ಬಿಚ್ಚಿಸಿ, ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದಕ್ಕೆ ತಳ್ಳಿಸಿ, ಹಲಗೆಗೆ ಬೋಲ್ಟು ಹೊಡೆಸಿದ್ದರು. ನನ್ನ ಎತ್ತರದ ವಿಷಯ ಇಲ್ಲಿ ವಿಸ್ತಾರವಾಗಿ ಬೇಡ. ಐದಡಿಯ ಹತ್ತಿರ ಹತ್ತಿರ ಎಂದರೆ ಸುಳ್ಳಾಗುವುದಿಲ್ಲ. ರುಮಾಲು ಸುತ್ತಿದ್ದರೆ ಸ್ವಲ್ಪ ಹೆಚ್ಚೇ.

ಹೀಗಾಗಿ ಆ ಸೀಟಿನಲ್ಲಿ ನನಗೆ ಇದ್ದದ್ದು ಎರಡೇ ದಾರಿ. ಬೆನ್ನು ಒರಗಿಸಿ ಕೂತರೆ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಕಾಲು ಪೆಡಲಿಗೆ ಎಟುಕಬೇಕೆಂದರೆ ಸೀಟಿನ ತುದಿಗೆ ಜಾರಿ, ಸ್ಟೀರಿಂಗನ್ನು ತಬ್ಬಿಕೊಂಡು, ಕತ್ತು ಮೇಲೆತ್ತಿ ಹೋಗಬೇಕು. ನಾನು ಎರಡು ವರ್ಷ ತುದಿಯಲ್ಲೇ ಕೂತು ಓಡಿಸಿದೆ. ಇದಕ್ಕೆ ಬೇರೆ ಉಪಾಯವಿದ್ದೀತು ಎಂದು ಯೋಚಿಸಲೂ ಇಲ್ಲ. ಕಾರು ಎಂದರೆ ದೊಡ್ಡ ವಸ್ತು, ಅದಕ್ಕೆ ನಾವು ಹೊಂದಿಕೊಳ್ಳಬೇಕೇ ಹೊರತು ಅದು ನಮಗೆ ಹೊಂದಿಕೊಳ್ಳುತ್ತದೆಯೇ ಎಂಬುದು ನನ್ನ ತಿಳುವಳಿಕೆ. ಸೊಂಟ ಹಿಡಿದುಕೊಂಡಾಗ ನನ್ನ ದವಾಖಾನೆಯಲ್ಲಿದ್ದ ಎಣ್ಣೆಗಳನ್ನೆಲ್ಲ ಒಂದೊಂದಾಗಿ ಹಚ್ಚಿಕೊಂಡೆ. ಮನೆಯಾಕೆ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಒಮ್ಮೆ ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನಲ್ಲಿ ಮರದ ಗುತ್ತಿಗೆದಾರರೊಬ್ಬರಿಗೆ ಚಳಿಜ್ವರವೆಂದು ಹೇಳಿಕಳಿಸಿದ್ದರು. ಆ ರಸ್ತೆಯಲ್ಲಿ ಅಷ್ಟು ದೂರ ಹೋಗಿ ಬಿಡಾರದ ಮುಂದೆ ಇಳಿದವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಕಂಬಳಿ ಹೊದ್ದು ಮಲಗಿದ್ದ ಗುತ್ತಿಗೆದಾರರೇ ಎದ್ದು ಬಂದು, ನಡುಗುತ್ತಲೇ ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ತಮ್ಮ ಹಾಸಿಗೆಯಲ್ಲಿ ಅರ್ಧ ಜಾಗವನ್ನೂ ಬಿಟ್ಟರು.

ಅಲ್ಲಿಂದ ಬಂದ ಮೇಲೆ ಒಂದು ಮೆತ್ತನೆಯ ದಿಂಬು ಹೊಲಿಸೋಣವೆಂದು ಖಾದರ್ ಸಾಬರ ಅಂಗಡಿಗೆ ಹೋದೆ. ಸಾಬರು ಹುಣಸೂರಿನ ಪೇಟೆಯಲ್ಲಿ ಜಟಕಾ ಗಾಡಿಗಳಿಗೆ ಮೆತ್ತೆ, ಕುದುರೆಗಳಿಗೆ ಜೀನು ಹೊಲಿಯುವವರು. ಅವರ ತಂದೆಯೂ ಅದೇ ಕೆಲಸದವರು. ಬಾಯಲ್ಲಿ ದಾರ ಕಚ್ಚಿಕೊಂಡು ನನ್ನ ಅಹವಾಲನ್ನೆಲ್ಲ ಕೇಳಿದರು. ದಿಂಬಿನ ಅಳತೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಕಾರಿನ ಹತ್ತಿರ ಬಂದು, ನಾನು ಒಳಗೆ ಹತ್ತಿ ಓಡಿಸುವವನ ಹಾಗೆ ಕೂರಬೇಕು ಎಂದರು. ಕೂತೆ. ಸುತ್ತ ಒಂದು ಸುತ್ತು ಬಂದರು, ಬಗ್ಗಿ ನನ್ನ ಬೂಟನ್ನು ನೋಡಿದರು, ಬೆನ್ನಿನ ಹಿಂದಿನ ಖಾಲಿ ಜಾಗಕ್ಕೆ ಕೈ ಹಾಕಿ ನೋಡಿದರು. ನಾನು ರೋಗಿಗಳನ್ನು ನೋಡುವಷ್ಟು ಹೊತ್ತು ಅವರು ನನ್ನನ್ನು ನೋಡಿದರು ಎಂದು ಕಾಣುತ್ತದೆ. ಆಮೇಲೆ ದಾರವನ್ನು ಬಾಯಿಂದ ತೆಗೆದರು.

“ನೋವು ಸೊಂಟದಲ್ಲಿಲ್ಲ ಸಾಮಿ, ಸೀಟಲ್ಲಿದೆ. ಜೀನಿಗೆ ಕಾಲಿಡೋ ರಿಕಾಪು ಇರ್ತದಲ್ಲ, ಅದು ಎಟುಕದೆ ಹೋದ್ರೆ ಯಾರೂ ಕುದ್ರೆ ಓಡ್ಸಲ್ಲ. ನೀವು ಎರಡು ವರ್ಷದಿಂದ ಹಂಗೇ ಓಡ್ಸ್ತಾ ಇದೀರಿ.”

ದಿಂಬು ಹೊಲಿದುಕೊಡುವುದಿಲ್ಲ, ಸೀಟನ್ನು ಬಿಚ್ಚಿ ಮುಂದಕ್ಕೆ ತರಬೇಕು, ಅದಕ್ಕೆ ನನ್ನ ಕಾಲಿನ ಅಳತೆ ಬೇಕು ಎಂದು ಹೇಳಿ ಅಳತೆಯ ದಾರವನ್ನು ಬಿಚ್ಚಿದರು. ಆ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ ಏಳೆಂಟು ಜನ ನಿಂತಿದ್ದರು. ಕೋರ್ಟಿನ ಗುಮಾಸ್ತರೊಬ್ಬರು ಛತ್ರಿ ಮಡಿಸಿ, ನೋಡಲು ಅನುಕೂಲ ಮಾಡಿಕೊಂಡರು. ಡಾಕ್ಟರ ಕಾಲು ಚಿಕ್ಕದು, ಕಾರಿಗೆ ಸಾಲದು ಎಂದು ಊರಿಗೆಲ್ಲ ದಾರ ಹಿಡಿದು ತೋರಿಸಬೇಕೇ? ನನಗೆ ಕೆಲಸವಿದೆ, ಇನ್ನೊಂದು ದಿನ ಬರುತ್ತೇನೆ ಎಂದು ಸೀಟಿನ ತುದಿಗೆ ಜಾರಿ ಹೊರಟುಬಿಟ್ಟೆ. ಆ ಇನ್ನೊಂದು ದಿನವನ್ನು ಮೂರು ತಿಂಗಳು ಮುಂದಕ್ಕೆ ಹಾಕಿದೆ. ಪೇಟೆಗೆ ಹೋಗಬೇಕಾದಾಗಲೆಲ್ಲ ಸಾಬರ ಅಂಗಡಿ ತಪ್ಪಿಸಿ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಭೇರ್ಯದ ಹತ್ತಿರದ ಒಂದು ಹಳ್ಳಿಯಿಂದ ಕಾಳೇಗೌಡ ಎಂಬ ರೈತ ನನ್ನನ್ನು ಕರೆಯಲು ಬಂದದ್ದು ಆ ಮೂರು ತಿಂಗಳ ಕೊನೆಯಲ್ಲಿ. ಅವನ ತಾಯಿ ಸಣ್ಣಮ್ಮ ತೊಡೆಯಲ್ಲಿ ಕುರು ಎದ್ದು ನಡೆಯಲಾಗದೆ ಮಲಗಿದ್ದಳು. ಹೋಗಿ ನೋಡಿದೆ. ಅಲ್ಲಿ ಕೊಯ್ಯುವಂಥದಲ್ಲ, ಹುಣಸೂರಿಗೇ ಕರೆದುಕೊಂಡು ಬಂದು ನಾಲ್ಕು ದಿನ ಇಟ್ಟುಕೊಳ್ಳಬೇಕು ಎಂದು ನಿರ್ಧಾರವಾಯಿತು. ಅರವತ್ತು ದಾಟಿದ ಹೆಂಗಸು, ಜೀವನದಲ್ಲಿ ಮೊದಲ ಸಲ ಕಾರು ಹತ್ತುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಹತ್ತಿದವಳೇ ನೋವಿನ ಕಾಲನ್ನು ಹೇಗೋ ಮಡಿಸಿ, ಜಗಲಿಯ ಮೇಲೆ ಕೂರುವಂತೆ ಕೂರಲು ಹೋದಳು. ನಾನು ಬಿಡಲಿಲ್ಲ. ಕಾಲು ಕೆಳಗೆ ಬಿಡಬೇಕು, ಅಡಿ ಪೂರ್ತಿ ನೆಲಕ್ಕೆ ತಾಗಿರಬೇಕು, ಬೆನ್ನು ಹಿಂದಕ್ಕೆ ಒರಗಿರಬೇಕು, ಪಕ್ಕದ ಪಟ್ಟಿಯನ್ನು ಹಿಡಿದಿರಬೇಕು, ತಲೆ ಹೊರಗೆ ಹಾಕಬಾರದು ಎಂದು ನಿಂತು ಪಾಠ ಮಾಡಿದೆ. ಕಾಲನ್ನು ಕೆಳಗೆ ಬಿಟ್ಟರೆ ಅವಳಿಗೆ ನೋಯುತ್ತಿತ್ತು. ಆದರೂ ಡಾಕ್ಟರು ಹೇಳಿದರೆಂದು ಹಲ್ಲು ಕಚ್ಚಿ ಹಾಗೆಯೇ ಕೂತಳು. ಕಾಳೇಗೌಡ ನನ್ನ ಪಕ್ಕದಲ್ಲಿ ಮುಂದೆ ಕೂತ. ಎಲ್ಲರನ್ನೂ ಸರಿಯಾಗಿ ಕೂರಿಸಿದೆನೆಂಬ ತೃಪ್ತಿಯಿಂದ ನಾನು ಸೀಟಿನ ತುದಿಗೆ ಜಾರಿಕೊಂಡು ಹೊರಟೆ.

ಕೃಷ್ಣರಾಜನಗರ ದಾಟಿ ಹುಣಸೂರಿನ ಕಡೆ ಬರುವಾಗ ಒಂದು ಇಳಿಜಾರು, ಕೆಳಗೆ ಸಣ್ಣ ಮೋರಿ. ಅದರ ಪಕ್ಕದ ಓಣಿಯಿಂದ ಹುಲ್ಲು ತುಂಬಿದ ಗಾಡಿಯೊಂದು ರಸ್ತೆಗೆ ಬಂದು ಅಡ್ಡ ನಿಂತಿತು. ನನಗೆ ಕಾಣಲಿಲ್ಲವೆಂದು ಹೇಳುವ ಹಾಗಿಲ್ಲ, ದೂರದಿಂದಲೇ ಕಂಡಿತ್ತು. ಬ್ರೇಕನ್ನು ಒತ್ತಿದೆ. ಹಿಂದೆ ಆನಿಕೆಯಿಲ್ಲದ ಮೈ. ನಾನು ಪೆಡಲನ್ನು ಎಷ್ಟು ಮುಂದಕ್ಕೆ ತಳ್ಳಿದೆನೋ ಪೆಡಲು ನನ್ನನ್ನು ಅಷ್ಟೇ ಹಿಂದಕ್ಕೆ ತಳ್ಳಿತು. ಬೆನ್ನು ಸೀಟಿಗೆ ತಾಗಿತು, ಬೂಟು ಪೆಡಲಿನಿಂದ ಕಳಚಿತು, ಕಾಲು ಗಾಳಿಯಲ್ಲಿ ನಿಂತಿತು. ಆ ಕ್ಷಣ ನನಗೆ ಕಂಡದ್ದು ಗಾಡಿಯ ಮೇಲಿದ್ದ ಮನುಷ್ಯನ ಮುಖ. ಸ್ಟೀರಿಂಗು ತಿರುಗಿಸಿದ್ದು ನಾನೋ, ಅದಾಗಿಯೇ ತಿರುಗಿತೋ ಹೇಳಲಾರೆ. ಹುಲ್ಲಿಗೆ ಸವರಿಕೊಂಡು ಹೋದ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿದು, ಹೊಲದ ಬದುವಿಗೆ ಮೂತಿ ಹೊಡೆದು ನಿಂತಿತು.

ಎತ್ತುಗಳಿಗೆ ಏನೂ ಆಗಿರಲಿಲ್ಲ. ಗಾಡಿಯವನು ಇಳಿದು ಬಂದು ಕಾರಿನ ಮೂತಿಗೆ ಸಿಕ್ಕಿಕೊಂಡಿದ್ದ ಹುಲ್ಲನ್ನು ಬಿಡಿಸತೊಡಗಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಿಂದೆ ತಿರುಗಿ ನೋಡಿದರೆ ಸಣ್ಣಮ್ಮ ಪಟ್ಟಿಯನ್ನು ಹಿಡಿದುಕೊಂಡೇ ಕೂತಿದ್ದಾಳೆ, ಕಾಲು ಹೇಳಿದ ಕಡೆಯೇ ಇದೆ, ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿದೆ. ಮುಂದಿನ ಸೀಟಿನ ಮರದ ಅಂಚು ಬಡಿದಿತ್ತು. ಪಟ್ಟಿ ಹಿಡಿದಿರದಿದ್ದರೆ ಏನಾಗುತ್ತಿತ್ತೋ ನೆನೆಯಲಾರೆ. ಅವಳನ್ನು ಎತ್ತಿ ಬದುವಿನ ಮೇಲೆ ಕೂರಿಸಿ, ಪೆಟ್ಟಿಗೆ ಬಿಚ್ಚಿ ಮೂರು ಹೊಲಿಗೆ ಹಾಕಿದೆ. ಕಾಳೇಗೌಡ ನನ್ನ ಬೂಟನ್ನು ಒಮ್ಮೆ ನೋಡಿ ಹೊಲದ ಕಡೆ ಮುಖ ತಿರುಗಿಸಿದ. ಅವನಿಗೆ ಎಲ್ಲ ಕಂಡಿತ್ತು. ಕೊನೆಯ ಗಂಟು ಹಾಕುತ್ತಿದ್ದಾಗ ಸಣ್ಣಮ್ಮ, ಕೋಪವೇನೂ ಇಲ್ಲದ ದನಿಯಲ್ಲಿ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

“ಕಾಲ ಕೆಳೀಕೆ ಬುಡು ಅಂದ್ರಿ, ಬುಟ್ಟೆ. ಬೆನ್ನ ಒರಗ್ಸು ಅಂದ್ರಿ, ಒರಗ್ಸಿದೆ. ನಿಮ್ ಕಾಲು ಎಲ್ಲಿತ್ತು ಬುದ್ದಿ?”

ಇಪ್ಪತ್ತು ವರ್ಷದ ವೈದ್ಯಕೀಯದಲ್ಲಿ ರೋಗಿಗಳು ಕೇಳಿದ ಪ್ರಶ್ನೆಗಳಿಗೆಲ್ಲ ಏನಾದರೊಂದು ಹೇಳಿ ಕಳಿಸಿದವನು ನಾನು. ಈ ಸಲ ದಾರ ಕತ್ತರಿಸಿ ಪೆಟ್ಟಿಗೆ ಮುಚ್ಚಿದೆ. ಅದೇ ಹುಲ್ಲಿನ ಗಾಡಿಯವನು ಅವಳನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹುಣಸೂರು ಮುಟ್ಟಿಸಿದ. ಪಕ್ಕದಲ್ಲಿ ಕಾಳೇಗೌಡ ನಡೆದ, ಅವನ ಹಿಂದೆ ಪೆಟ್ಟಿಗೆ ಹಿಡಿದುಕೊಂಡು ನಾನು ನಡೆದೆ. ಕುರು ಕೊಯ್ದೆ, ವಾಸಿಯಾಯಿತು, ಹತ್ತನೆಯ ದಿನ ಸಣ್ಣಮ್ಮ ತನ್ನ ಕಾಲಿನ ಮೇಲೆ ನಡೆದುಕೊಂಡು ಹೋದಳು. ಹುಬ್ಬಿನ ಮೇಲಿನ ಗೆರೆ ಮಾತ್ರ ಉಳಿಯಿತು. ಹೊರಡುವಾಗ ಕೈಮುಗಿದಳು. ನಾನು ಆ ಗೆರೆಯನ್ನು ನೋಡಲಾರದೆ ಅವಳ ಮಗನಿಗೆ ಪಥ್ಯ ಹೇಳುತ್ತಾ ನಿಂತೆ.

ಅಪಘಾತದ ಮಾರನೆಯ ದಿನವೇ ಕಾರನ್ನು ಬದುವಿನಿಂದ ಎತ್ತಿಸಿ, ಎತ್ತುಗಳಿಂದ ಎಳೆಸಿಕೊಂಡು ಬಂದು ಸಾಬರ ಅಂಗಡಿಯ ಮುಂದೆ ನಿಲ್ಲಿಸಿದೆ. ನಡುಮಧ್ಯಾಹ್ನ, ಪೇಟೆ ತುಂಬ ಜನ. ಹೇಳಿಸಿಕೊಳ್ಳುವ ಮುಂಚೆಯೇ ಹತ್ತಿ ಕೂತೆ. ಸಾಬರು ಮೂರು ತಿಂಗಳು ಎಲ್ಲಿದ್ದಿರಿ ಎಂದು ಕೇಳಲಿಲ್ಲ. ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ದಾರ ಹಿಡಿದು ಗಂಟು ಹಾಕಿಕೊಂಡರು. ಅಳತೆಯನ್ನು ಜೋರಾಗಿ ಹೇಳದೆ ತಮ್ಮಷ್ಟಕ್ಕೆ ಗುಣುಗಿಕೊಂಡರು. ಆ ಉಪಕಾರವನ್ನು ನಾನು ಮರೆತಿಲ್ಲ. ಬೆನ್ನು ಪೂರ್ತಿ ಒರಗಿರಬೇಕು, ಪೆಡಲನ್ನು ಕೊನೆಯತನಕ ಒತ್ತಿದಾಗಲೂ ಮಂಡಿ ಕೊಂಚ ಬಗ್ಗಿಯೇ ಇರಬೇಕು, ತೋಳು ಚಾಚಬಾರದು, ಕಣ್ಣು ಸ್ಟೀರಿಂಗಿನ ಮೇಲಿಂದ ನೋಡಬೇಕೇ ಹೊರತು ಅದರ ಸಂದಿನಿಂದಲ್ಲ ಎಂದು ಒಂದೊಂದನ್ನೂ ನನ್ನ ಮೈಯಲ್ಲೇ ತೋರಿಸಿದರು. ನಾಲ್ಕು ದಿನ ಹಿಡಿಯಿತು. ಸೀಟನ್ನು ಒಂದು ಗೇಣು ಮುಂದಕ್ಕೆ ತಂದು, ಕೆಳಗೆ ಮರದ ಹಲಗೆ ಕೊಟ್ಟು ಎತ್ತರಿಸಿ, ಬೆನ್ನಿಗೆ ನಾರು ತುಂಬಿ ಹೊಲಿದು ಹೊಸ ಬೋಲ್ಟು ಹಾಕಿಸಿದರು. ಹತ್ತಿ ಕೂತೆ. ಬೆನ್ನು ಒರಗಿತು, ಕಾಲು ಎಟುಕಿತು, ಎರಡೂ ಒಟ್ಟಿಗೆ. ನನಗೆ ಕಣ್ಣಲ್ಲಿ ನೀರು ಬಂತು. ಧೂಳು ಎಂದು ಸಾಬರಿಗೆ ಹೇಳಿದೆ.

ಇನ್ನು ಒಂದು ವಿಷಯವನ್ನು ಹೇಳದೆ ಬೇರೆ ದಾರಿಯಿಲ್ಲ. ನನ್ನ ಮನೆಯಾಕೆ ನನಗಿಂತ ನಾಲ್ಕು ಬೆರಳು ಎತ್ತರ. ಮುಂದಿನ ಸೀಟು ಒಂದೇ ಉದ್ದನೆಯ ಪೀಠವಾದ್ದರಿಂದ ನನಗಾಗಿ ಮುಂದೆ ಬಂದದ್ದು ಅವಳಿಗೂ ಮುಂದೆ ಬಂತು. ಮೊದಲ ದಿನವೇ ಅವಳ ಮಂಡಿ ಎದುರಿನ ಹಲಗೆಗೆ ತಾಗಿತು. ಎರಡು ದಿನ ಸಹಿಸಿಕೊಂಡಳು. ಮೂರನೆಯ ದಿನ, ನಿಮಗೆ ಹೊಲಿಸಿದ ಅಂಗಿಯನ್ನು ನಾನು ಹೇಗೆ ತೊಡಲಿ ಅಂದು, ಇಳಿದು ಹಿಂದಿನ ಸೀಟಿಗೆ ಹೋಗಿ ಆರಾಮವಾಗಿ ಕಾಲು ಚಾಚಿ ಕೂತಳು. ಅಂದಿನಿಂದ ನಾನು ಮುಂದೆ ಒಬ್ಬನೇ, ಅವಳು ಹಿಂದೆ ಒಬ್ಬಳೇ.

ಪಿರಿಯಾಪಟ್ಟಣದ ಹತ್ತಿರ ಪಟೇಲರೊಬ್ಬರ ಮನೆಯ ನಾಮಕರಣಕ್ಕೆ ಹೀಗೆಯೇ ಹೋದೆವು. ಬಿಸಿಲಿಗೆ ಕೋಟು ರುಮಾಲು ಎರಡನ್ನೂ ತೆಗೆದು ಪಕ್ಕದಲ್ಲಿಟ್ಟಿದ್ದೆ, ಮುಖದ ತುಂಬ ಕೆಂಧೂಳು. ಚಪ್ಪರದ ಮುಂದೆ ನಿಲ್ಲಿಸಿದ ಕೂಡಲೇ ಹೆಂಗಸರು ಬಂದು ಮನೆಯಾಕೆಯನ್ನು ಇಳಿಸಿಕೊಂಡು ಒಳಗೆ ಹೋದರು. ನನ್ನ ಗುರುತಿಲ್ಲದ ಹಿರಿಯರೊಬ್ಬರು ಬಂದು, ಕಾರನ್ನು ಹುಣಸೆಮರದ ನೆರಳಿಗೆ ಬಿಟ್ಟು ಹಿತ್ತಲ ಕಡೆ ಹೋಗಿ ಊಟ ಮಾಡಪ್ಪ, ಡ್ರೈವರುಗಳಿಗೆ ಅಲ್ಲಿ ಎಲೆ ಹಾಕಿದೆ ಅಂದರು. ನಾನು ಯಾರೆಂದು ಹೇಳಲು ಬಾಯಿ ತೆರೆದೆ. ಆಮೇಲೆ ಒಳಗಿನ ಜನ ನೆನಪಾದರು. ಡಾಕ್ಟರು ಬಂದರು ಎಂದರೆ ಎಲೆಯ ಮುಂದೆ ಕೂತಲ್ಲೇ ಒಬ್ಬರು ನಾಲಗೆ ಚಾಚುತ್ತಾರೆ, ಇನ್ನೊಬ್ಬರು ನಾಡಿ ಕೊಡುತ್ತಾರೆ. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ.

ಅಷ್ಟು ನೆಮ್ಮದಿಯ ಊಟವನ್ನು ನಾನು ಎಷ್ಟೋ ವರ್ಷಗಳಿಂದ ಮಾಡಿರಲಿಲ್ಲ. ಕೈತೊಳೆಯಲು ಏಳುವಾಗ ಪಕ್ಕದಲ್ಲಿದ್ದ, ಯಾರದೋ ದೊಡ್ಡವರ ಕಾರಿನ ಡ್ರೈವರು ಸೊಂಟ ಹಿಡಿದುಕೊಂಡು ನರಳಿದ. ಅಭ್ಯಾಸಬಲ, ತಡೆಯಲಾಗಲಿಲ್ಲ. ಸೀಟು ದೂರವಾಗಿದೆಯೇ, ತುದಿಯಲ್ಲಿ ಕೂರುತ್ತೀಯಾ ಎಂದು ಕೇಳಿ, ಸಾಬರು ನನಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ಮೇಲಿಂದ ಕೆಳಗೆ ನನ್ನನ್ನು ನೋಡಿದ.

“ಇಷ್ಟೆಲ್ಲ ಏಳ್ತೀಯಲ್ಲ, ನೀನೇನು ಡಾಕ್ಟ್ರಾ?”

“ಅಲ್ಲ ಕಣಪ್ಪ. ನಾನೂ ಗಾಡಿ ಓಡ್ಸೋನೇ” ಅಂದೆ.

“ಅಂಗಾದ್ರೆ ಸರಿ, ಬಾ ತೋರ್ಸು” ಎಂದು ನನ್ನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದ. ತೋರಿಸಿದೆ. ಅಲ್ಲೇ ಸ್ಪ್ಯಾನರು ತೆಗೆದು ಬೋಲ್ಟು ಬಿಚ್ಚತೊಡಗಿದ. ಸಣ್ಣಮ್ಮನನ್ನು ಬಿಟ್ಟರೆ, ನನ್ನ ಮಾತನ್ನು ಕೇಳಿದ ಗಳಿಗೆಯಲ್ಲೇ ಯಾರಾದರೂ ಪಾಲಿಸಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಒಳಗಿನಿಂದ ಯಾರೋ ನನ್ನ ಹತ್ತಿರ ಬಂದು, ಹುಣಸೂರಿನ ಅಮ್ಮಾವರು ಹೊರಟಿದ್ದಾರೆ, ಕಾರು ತರಬೇಕಂತೆ ಅಂದರು. ಹೋಗಿ ತಂದು ನಿಲ್ಲಿಸಿ, ಇಳಿದು ಮನೆಯಾಕೆಗೆ ಹಿಂದಿನ ಬಾಗಿಲನ್ನು ತೆರೆದು ಹಿಡಿದೆ.